ಎಫ್‌ಎ 0.78 ಇದ್ದದ್ದು 0.69 ಆಗಿದೆ, ಹೆದರಬೇಕಾ?

ಪ್ರಶ್ನೆ: ನಮ್ಮದು ಬಾಗಲಕೋಟೆ ಜಿಲ್ಲೆ. ನನ್ನ ತಂಗಿಗೆ 31 ವರ್ಷ. ಮೂರು ವರ್ಷದ ಹಿಂದೆ ಒಂದು ಕಣ್ಣು ಮಂಜಾಯಿತು, ಕೆಲವು ತಿಂಗಳ ಮೇಲೆ ಬಲಗಾಲು ಜೋಮು ಹಿಡಿಯಿತು. ಮಲ್ಟಿಪಲ್ ಸ್ಕ್ಲೀರೋಸಿಸ್, ಅಂದರೆ ಎಂಎಸ್, ಎಂದರು. ಡೈಮೀಥೈಲ್ ಫ್ಯೂಮರೇಟ್ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದಾಳೆ. ಎರಡು ವರ್ಷದಿಂದ ಹೊಸ ಅಟ್ಯಾಕ್ ಇಲ್ಲ, ಮಿದುಳಿನ ಎಂಆರ್‌ಐಯಲ್ಲಿ ಹೊಸ ಕಲೆಯೂ ಇಲ್ಲ. ಆದರೆ ಮಧ್ಯಾಹ್ನವಾದರೆ ಸುಸ್ತಾಗಿ ಮಲಗುತ್ತಾಳೆ, ಮಾತಿನ ಮಧ್ಯೆ ಪದ ಮರೆಯುತ್ತಾಳೆ, ಸಂಜೆ ಸ್ವಲ್ಪ ನಡೆದರೆ ಬಲಗಾಲು ಎಳೆಯುತ್ತದೆ. ಸಂಬಂಧಿಕರೊಬ್ಬರು ಹೇಳಿದರೆಂದು ಹುಬ್ಬಳ್ಳಿಯಲ್ಲಿ ಡಿಟಿಐ ಎಂಬ, ಮಿದುಳಿನ ನರತಂತುಗಳನ್ನು ನೋಡುವ ಎಂಆರ್‌ಐ ಸ್ಕ್ಯಾನ್ ಮಾಡಿಸಿದೆವು. ಮಿದುಳಿನ ನಡುವಿನ ಕಾರ್ಪಸ್ ಕ್ಯಾಲೋಸಮ್ ಎಂಬ ಭಾಗದಲ್ಲಿ ಎಫ್‌ಎ ಎಂಬ ನಂಬರು 0.78 ಎಂದು ಬಂತು. ಎಂಟು ತಿಂಗಳಾದ ಮೇಲೆ ಬೆಂಗಳೂರಿನಲ್ಲಿ ಮಾಡಿಸಿದಾಗ 0.69. ನೂರಕ್ಕೆ 12ರಷ್ಟು ಮಿದುಳು ಹೋಯಿತೇ? ಚಿತ್ರದ ನಡುವೆ ದೊಡ್ಡ ಕೆಂಪು ಪಟ್ಟಿ ಬೇರೆ ಇದೆ. ಅದೇ ರಿಪೋರ್ಟಿನ ಇನ್ನೊಂದು ಸಾಲಿನಲ್ಲಿ ‘ಡಿಫ್ಯೂಷನ್‌ನಲ್ಲಿ ತೊಂದರೆ ಇಲ್ಲ’ ಎಂದಿದೆ, ಯಾವುದನ್ನು ನಂಬಬೇಕು? ಔಷಧಿ ಬದಲಿಸಬೇಕೇ? ಆರು ತಿಂಗಳಿಗೊಮ್ಮೆ ಈ ಸ್ಕ್ಯಾನ್ ಬೇಕೇ? ಒಬ್ಬರು ಸ್ಟೆಮ್ ಸೆಲ್ ಇಂಜೆಕ್ಷನ್ ಎನ್ನುತ್ತಿದ್ದಾರೆ. ತಂಗಿಗೆ ಎರಡನೇ ರಿಪೋರ್ಟ್ ಇನ್ನೂ ತೋರಿಸಿಲ್ಲ.

ಉತ್ತರ: ಮೊದಲು ಆ ಕೆಂಪು ಪಟ್ಟಿಯ ವಿಷಯ ಮುಗಿಸಿಬಿಡೋಣ, ನಿಮ್ಮ ಅರ್ಧ ಭಯ ಅದರದ್ದೇ ಅನ್ನಿಸುತ್ತದೆ. ಡಿಟಿಐ ಚಿತ್ರದಲ್ಲಿ ಬಣ್ಣ ಹೇಳುವುದು ದಿಕ್ಕನ್ನು ಮಾತ್ರ. ಎಡದಿಂದ ಬಲಕ್ಕೆ ಹೋಗುವ ನರತಂತುಗಳಿಗೆ ಕೆಂಪು, ಮುಂದಿನಿಂದ ಹಿಂದಕ್ಕೆ ಹೋಗುವುದಕ್ಕೆ ಹಸಿರು, ಮೇಲಿಂದ ಕೆಳಕ್ಕೆ ಇಳಿಯುವುದಕ್ಕೆ ನೀಲಿ. ಕಾರ್ಪಸ್ ಕ್ಯಾಲೋಸಮ್ ಎನ್ನುವುದು ಮಿದುಳಿನ ಎಡ ಬಲ ಭಾಗಗಳ ನಡುವಿನ ಸೇತುವೆ, ಹಾಗಾಗಿ ಅದು ಎಲ್ಲರಲ್ಲೂ ಕೆಂಪಾಗಿಯೇ ಕಾಣುತ್ತದೆ. ನನ್ನ ಮಿದುಳು ತೆಗೆದರೂ ಅಷ್ಟೇ, ನಿಮ್ಮದು ತೆಗೆದರೂ ಅಷ್ಟೇ.

ಇನ್ನು ನಂಬರು. ನಿಮ್ಮ ಲೆಕ್ಕ ಸರಿಯಾಗಿದೆ, 0.78ರಿಂದ 0.69 ಅಂದರೆ ನೂರಕ್ಕೆ ಸುಮಾರು 12 ಇಳಿತ. ಆದರೆ ಆ ಎರಡು ನಂಬರನ್ನು ಒಂದರಿಂದ ಒಂದು ಕಳೆಯುವಂತೆಯೇ ಇಲ್ಲ. ನೀವು ಕಳಿಸಿದ ಹಾಳೆಗಳಲ್ಲೇ ಇದೆ ನೋಡಿ: ಹುಬ್ಬಳ್ಳಿಯದು 1.5 ಟೆಸ್ಲಾ ಮಷೀನು, ಬೆಂಗಳೂರಿನದು 3 ಟೆಸ್ಲಾ (ಟೆಸ್ಲಾ ಅಂದರೆ ಮಷೀನಿನ ಅಯಸ್ಕಾಂತದ ಬಲದ ಅಳತೆ). ಕಂಪನಿ ಬೇರೆ, ಲೆಕ್ಕ ಹಾಕುವ ಸಾಫ್ಟ್‌ವೇರ್ ಬೇರೆ. ಎರಡು ಬೇರೆ ಬೇರೆ ತಕ್ಕಡಿಯಲ್ಲಿ ತೂಗಿ ಮಗು ಬಡವಾಯಿತು ಎಂದು ಅತ್ತ ಹಾಗಾಯಿತು ಇದು. ಯಾಕೆ ಹೀಗೆ ಹೇಳುತ್ತಿದ್ದೇನೆ ಎಂದು ತಿಳಿಯಲು ಈ ಸ್ಕ್ಯಾನ್ ಅಳೆಯುವುದಾದರೂ ಏನು ಎಂದು ಸ್ವಲ್ಪ ನೋಡಬೇಕು.

ಡಿಟಿಐ ಅಳೆಯುವುದು ನೀರನ್ನು. ಮಿದುಳಿನೊಳಗಿನ ನೀರಿನ ಅಣುಗಳು ಒಂದು ಕ್ಷಣವೂ ಸುಮ್ನೆ ಕೂರುವುದಿಲ್ಲ, ಗೊತ್ತುಗುರಿಯಿಲ್ಲದೆ ಅಲೆಯುತ್ತಲೇ ಇರುತ್ತವೆ. 50 ಮಿಲಿಸೆಕೆಂಡಿನಲ್ಲಿ ಒಂದು ಅಣು ಹೆಚ್ಚುಕಮ್ಮಿ 10 ಮೈಕ್ರಾನ್ ದೂರ ಹೋಗುತ್ತದೆ, ಅಂದರೆ ಒಂದು ಮಿಲಿಮೀಟರಿನ ನೂರನೇ ಒಂದು ಭಾಗ. ನಿಮ್ಮ ಕಡೆ ಕಬ್ಬು ಇದ್ದೇ ಇದೆ, ಹಾಗಾಗಿ ಒಂದು ಕಬ್ಬಿನ ಗದ್ದೆ ಅಂದುಕೊಳ್ಳಿ. ಕಣ್ಣಿಗೆ ಬಟ್ಟೆ ಕಟ್ಟಿ ನೂರು ಜನರನ್ನು ಅದರೊಳಗೆ ಬಿಟ್ಟರೆ ಸಾಲಿನ ಉದ್ದಕ್ಕೆ ಸಲೀಸಾಗಿ ಹೋಗುತ್ತಾರೆ, ಅಡ್ಡ ಹೋಗಲು ನೋಡಿದರೆ ಕಬ್ಬು ತಡೆಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮೇಲಿನಿಂದ ನೋಡಿದರೆ ಜನ ಉದ್ದುದ್ದ ಹರಡಿರುತ್ತಾರೆ. ಅದನ್ನು ನೋಡಿಯೇ ಸಾಲು ಯಾವ ಕಡೆಗೆ ಇದೆ ಎಂದು ಹೇಳಬಹುದು. ನರತಂತುಗಳ ನಡುವೆ ನೀರು ಮಾಡುವುದೂ ಇದನ್ನೇ. 1980ರ ದಶಕದ ನಡುವೆ ಫ್ರಾನ್ಸಿನ ಡೆನಿಸ್ ಲೆ ಬಿಹಾನ್ ನೀರಿನ ಈ ಅಲೆದಾಟವನ್ನು ಎಂಆರ್‌ಐಯಲ್ಲಿ ಚಿತ್ರವಾಗಿ ತೆಗೆದು ತೋರಿಸಿದರು. 1994ರಲ್ಲಿ ಪೀಟರ್ ಬ್ಯಾಸರ್ ಮತ್ತು ಜೊತೆಗಾರರು ಅದಕ್ಕೆ ದಿಕ್ಕಿನ ಲೆಕ್ಕ ಸೇರಿಸಿದರು, ಅದೇ ಡಿಟಿಐ. ಎಫ್‌ಎ ಎಂಬ ನಂಬರು ಆ ಹರಡುವಿಕೆ ಎಷ್ಟು ಒಂದೇ ದಿಕ್ಕಿಗೆ ಇದೆ ಎಂದು ಸೊನ್ನೆಯಿಂದ ಒಂದರೊಳಗೆ ಹೇಳುತ್ತದೆ. ಎಲ್ಲ ಕಡೆಗೂ ಸಮ ಹರಡಿದರೆ ಸೊನ್ನೆ, ಒಂದೇ ಗೆರೆಯಲ್ಲಿ ಹೋದರೆ ಒಂದು.

ಎಂಎಸ್‌ನಲ್ಲಿ ದೇಹದ ರೋಗನಿರೋಧಕ ಕಣಗಳೇ ನರತಂತುವಿನ ಮೇಲಿನ ಮೈಲಿನ್ ಹೊದಿಕೆಯನ್ನು ಕಿತ್ತುಹಾಕುತ್ತವೆ. ಊತ ಬರುತ್ತದೆ, ಕೆಲವು ತಂತು ಕಡಿದೂ ಹೋಗುತ್ತವೆ. ಕಬ್ಬು ಕಡಿದ ಜಾಗದಲ್ಲಿ ಜನ ಅಡ್ಡಾದಿಡ್ಡಿ ಓಡಾಡುವ ಹಾಗೆ ನೀರು ಅಡ್ಡ ಹರಡುತ್ತದೆ, ಎಫ್‌ಎ ಇಳಿಯುತ್ತದೆ. ಇಷ್ಟು ಮಾತ್ರ ಕೇಳಿದವರು ‘ಎಫ್‌ಎ ಅಂದರೆ ಮೈಲಿನ್ ಮೀಟರು’ ಎಂದುಕೊಳ್ಳುತ್ತಾರೆ. ನಿಮಗೆ ಹೇಳಿದವರೂ ಹಾಗೇ ಹೇಳಿರಬೇಕು. ಅದು ತಪ್ಪು.

ಗಾರ್ ಎಂಬ ಒಂದು ಮೀನಿದೆ. ಅದರ ವಾಸನೆ ನರದಲ್ಲಿ ಮೈಲಿನ್ ಇಲ್ಲ. ಆದರೂ ಅಲ್ಲಿ ನೀರು ಉದ್ದುದ್ದವೇ ಹರಡುತ್ತದೆ ಎಂದು 1990ರ ದಶಕದಲ್ಲೇ ಕೆನಡಾದ ಕ್ರಿಶ್ಚಿಯನ್ ಬೊಲ್ಯೂ ಅಳೆದು ತೋರಿಸಿದರು. ನೀರನ್ನು ಮುಖ್ಯವಾಗಿ ತಡೆಯುವುದು ತಂತುವಿನ ಸ್ವಂತ ಗೋಡೆ, ಮೈಲಿನ್ ಅದಕ್ಕೆ ಇನ್ನಷ್ಟು ಬಲ ಕೊಡುತ್ತದೆ ಅಷ್ಟೇ. ಹಾಗಾಗಿ ಎಫ್‌ಎ ಇಳಿದರೆ ಮೈಲಿನ್ ಹೋಗಿರಬಹುದು, ತಂತು ಹೋಗಿರಬಹುದು, ಬರೀ ಊತ ಇರಬಹುದು, ವಯಸ್ಸಾಗಿರಬಹುದು. ಏನೂ ಆಗದೆಯೂ ಇರಬಹುದು.

ಏನೂ ಆಗದೆ ಹೇಗೆ ಇಳಿಯುತ್ತದೆ? ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ರಿಪೋರ್ಟ್ ಓದುವ ವೈದ್ಯರೂ ಕೆಲವೊಮ್ಮೆ ಇಲ್ಲೇ ಎಡವುತ್ತಾರೆ. ಸ್ಕ್ಯಾನಿನ ಒಂದೊಂದು ಚುಕ್ಕಿ ಸಾಮಾನ್ಯವಾಗಿ 2 ಮಿಲಿಮೀಟರಿನ ಒಂದು ಚೌಕ ಡಬ್ಬಿ. ಅದರೊಳಗೆ ಲಕ್ಷಗಟ್ಟಲೆ ತಂತು ಇರುತ್ತವೆ, ಒಂದೊಂದೂ ಒಂದು ಮೈಕ್ರಾನಿನ ಆಸುಪಾಸು ದಪ್ಪ. ಅವೆಲ್ಲ ಒಂದೇ ಕಡೆಗೆ ಹೊರಟಿದ್ದರೆ ಸರಿ. ಆದರೆ ಮಿದುಳಿನ ಬಿಳಿ ಭಾಗದ ಬಹುಪಾಲು ಡಬ್ಬಿಗಳಲ್ಲಿ ಎರಡು ಮೂರು ದಾರಿ ಒಂದನ್ನೊಂದು ದಾಟುತ್ತವೆ, ನಮ್ಮ ಬಸ್‌ಸ್ಟ್ಯಾಂಡ್ ಸರ್ಕಲ್ಲಿನ ಹಾಗೆ. ಸರ್ಕಲ್ಲಿನಲ್ಲಿ ಜನ ನಾಲ್ಕೂ ಕಡೆ ಹರಡಿರುತ್ತಾರೆ, ಅಲ್ಲಿ ಎಫ್‌ಎ ಹುಟ್ಟಿನಿಂದಲೇ ಕಮ್ಮಿ. ಅದಕ್ಕಿಂತ ವಿಚಿತ್ರ ಕೇಳಿ. ಆ ಎರಡು ರಸ್ತೆಗಳಲ್ಲಿ ಒಂದು ರಸ್ತೆ ಹಾಳಾಗಿ ಜನ ಇನ್ನೊಂದರಲ್ಲೇ ಓಡಾಡತೊಡಗಿದರೆ ಎಫ್‌ಎ ಏರುತ್ತದೆ! ರೋಗ ಜಾಸ್ತಿಯಾಗಿದೆ, ನಂಬರು ಚೆನ್ನಾಗಿ ಕಾಣುತ್ತದೆ. ಇದರಿಂದ ತಪ್ಪಿಸಿಕೊಳ್ಳಲು ಬೇರೆ ಬೇರೆ ಲೆಕ್ಕಗಳು ಬಂದಿವೆ. 2012ರಲ್ಲಿ ಲಂಡನ್ನಿನಿಂದ ಬಂದ ‘ನೋಡಿ’ (NODDI) ಎಂಬ ಲೆಕ್ಕ ತಂತು ಎಷ್ಟು ದಟ್ಟವಾಗಿವೆ, ಎಷ್ಟು ಚದುರಿವೆ ಎಂಬ ಎರಡನ್ನೂ ಬೇರೆ ಮಾಡಿ ಹೇಳಲು ನೋಡುತ್ತದೆ. ಒಳ್ಳೆಯ ಕೆಲಸ. ಆದರೆ ಅದಕ್ಕೆ ಸ್ಕ್ಯಾನ್ ಜಾಸ್ತಿ ಹೊತ್ತು ಬೇಕು, ಮತ್ತು ಅದೂ ಕೆಲವು ಊಹೆಗಳ ಮೇಲೇ ನಿಂತಿದೆ.

ನಿಮ್ಮ ತಂಗಿಯ ಕಾರ್ಪಸ್ ಕ್ಯಾಲೋಸಮ್‌ನ ನಡುಭಾಗದಲ್ಲಿ ಸರ್ಕಲ್ ಸಮಸ್ಯೆ ಅಷ್ಟಿಲ್ಲ, ಅಲ್ಲಿ ತಂತುಗಳೆಲ್ಲ ಎಡ ಬಲಕ್ಕೇ ಹೋಗುವುದು. ಅಲ್ಲಿ ಬೇರೆ ತಾಪತ್ರಯ. ಅದೊಂದು ತೆಳ್ಳನೆಯ ಪಟ್ಟಿ, ಅದಕ್ಕೆ ಅಂಟಿಕೊಂಡೇ ಮಿದುಳಿನ ದ್ರವ ಇದೆ. ದ್ರವದ ಎಫ್‌ಎ ಸೊನ್ನೆಯ ಹತ್ತಿರ. ಅಳೆಯುವವರು ಕಂಪ್ಯೂಟರ್ ಮೇಲೆ ಒಂದು ಸಣ್ಣ ವೃತ್ತ ಇಡುತ್ತಾರೆ, ಅದರೊಳಗಿನ ಸರಾಸರಿಯೇ ರಿಪೋರ್ಟಿಗೆ ಬರುವ ನಂಬರು. ವೃತ್ತ ಒಂದು ಚುಕ್ಕಿಯಷ್ಟು ಜಾರಿ ದ್ರವ ಸೇರಿಕೊಂಡರೂ ನಂಬರು ದಡಕ್ಕನೆ ಇಳಿಯುತ್ತದೆ. ಒಬ್ಬರು ಹಿಂಬದಿಯಲ್ಲಿ ಇಟ್ಟು ಇನ್ನೊಬ್ಬರು ನಡುವೆ ಇಟ್ಟರೂ ಇಳಿಯುತ್ತದೆ. ನಿಮ್ಮ ಎರಡೂ ರಿಪೋರ್ಟಿನಲ್ಲಿ ವೃತ್ತ ಎಲ್ಲಿ ಇಟ್ಟರು ಎಂಬ ಚಿತ್ರವೇ ಇಲ್ಲ. ಎಷ್ಟು ದಿಕ್ಕಿನಲ್ಲಿ ಅಳೆದರು ಎಂಬುದೂ ಮುಖ್ಯ, ಲೆಕ್ಕಕ್ಕೆ ಕನಿಷ್ಠ 6 ದಿಕ್ಕು ಸಾಕು, ನಂಬುವಂಥ ನಂಬರಿಗೆ 30 ಆದರೂ ಇರಲಿ ಎನ್ನುತ್ತೇವೆ. ಜೊತೆಗೆ ಈ ಸ್ಕ್ಯಾನಿನಲ್ಲಿ ತಲೆ ಸ್ವಲ್ಪ ಅಲ್ಲಾಡಿದರೂ ಲೆಕ್ಕ ಕೆಡುತ್ತದೆ, ಸುಸ್ತಾದವರು ಒಳಗೆ ನಿದ್ದೆ ಹೋಗಿ ತಲೆ ವಾಲಿಸುವುದು ದಿನಾ ನೋಡುವ ಕೆಲಸ. ಒಂದೇ ಮಷೀನಿನಲ್ಲಿ ಅದೇ ವ್ಯಕ್ತಿಯನ್ನು ಎರಡು ಸಲ ತೆಗೆದರೂ ನಂಬರು ನೂರಕ್ಕೆ ಎರಡು ಮೂರು ಆಚೀಚೆ ಆಗುವುದು ಮಾಮೂಲು. ಮಷೀನೇ ಬದಲಾದಾಗ 12 ಬದಲಾದರೆ ನಾನಂತೂ ಹುಬ್ಬೇರಿಸುವುದಿಲ್ಲ.

ಹಾಗಾದರೆ ಈ ಸ್ಕ್ಯಾನ್ ಸುಳ್ಳೇ? ಖಂಡಿತ ಅಲ್ಲ. ಎಂಎಸ್ ಬಗ್ಗೆ ಒಂದು ದೊಡ್ಡ ವಿಷಯ ಇದರಿಂದ ಗಟ್ಟಿಯಾಗಿದೆ. ಮಾಮೂಲಿ ಎಂಆರ್‌ಐಯಲ್ಲಿ ಬೆಳ್ಳಗೆ ಕಾಣುವ ಕಲೆಗಳಷ್ಟೇ ರೋಗ ಅಲ್ಲ. ಕಲೆಯಿಲ್ಲದೆ ನೋಡಲು ಸರಿಯಾಗಿರುವ ಬಿಳಿ ಭಾಗದಲ್ಲೂ ಎಂಎಸ್ ಇರುವವರಲ್ಲಿ ಎಫ್‌ಎ ಸ್ವಲ್ಪ ಕಮ್ಮಿ, ನೀರಿನ ಓಡಾಟ ಸ್ವಲ್ಪ ಜಾಸ್ತಿ. ಹೊಸ ಕಲೆ ಮೂಡುವ ಜಾಗದಲ್ಲಿ ಅದು ಕಣ್ಣಿಗೆ ಕಾಣುವ ಮೊದಲೇ ನೀರಿನ ಓಡಾಟ ಬದಲಾಗಲು ಶುರುವಾಗಿರುತ್ತದೆ ಎಂದೂ ಅಧ್ಯಯನಗಳಲ್ಲಿ ಕಂಡಿದೆ. ಕಲೆ ಕಮ್ಮಿ ಇದ್ದರೂ ಕಷ್ಟ ಜಾಸ್ತಿ ಯಾಕೆ ಎಂಬ, ನಿಮ್ಮ ಮನೆಯವರನ್ನು ಕಾಡುತ್ತಿರುವ ಪ್ರಶ್ನೆಗೆ ಉತ್ತರದ ಒಂದು ತುಂಡು ಇಲ್ಲಿದೆ.

ಆದರೆ ಇದೆಲ್ಲ ಗೊತ್ತಾಗಿದ್ದು ಹತ್ತಾರು, ನೂರಾರು ಜನರನ್ನು ಒಂದೇ ಮಷೀನಿನಲ್ಲಿ ತೆಗೆದು ಸರಾಸರಿ ಹಾಕಿದಾಗ. ಎರಡು ಊರಿನ ಜೋಳದ ಇಳುವರಿಯನ್ನು ಹೋಲಿಸಿ ಈ ಊರಿನದು ಕಮ್ಮಿ ಎನ್ನಬಹುದು, ಆದರೆ ಒಂದು ತೆನೆ ಕೈಗೆ ಕೊಟ್ಟು ಇದು ಯಾವ ಊರಿನದು ಹೇಳಿ ಅಂದರೆ? ಆರೋಗ್ಯವಂತರ ಎಫ್‌ಎ ಮತ್ತು ಎಂಎಸ್ ಇರುವವರ ಎಫ್‌ಎ ಒಂದರ ಮೇಲೊಂದು ಅಷ್ಟು ಹೊರಳಿಕೊಂಡಿವೆ. ರಕ್ತದ ಸಕ್ಕರೆಗೆ ಇರುವಂತೆ ಇಷ್ಟರಿಂದ ಇಷ್ಟು ಇದ್ದರೆ ಸರಿ ಎಂಬ ಎಲ್ಲರೂ ಒಪ್ಪಿದ ಗೆರೆ ಎಫ್‌ಎಗೆ ಇಲ್ಲ. ಎಂಎಸ್ ಗುರುತಿಸಲು ಜಗತ್ತಿನ ನರತಜ್ಞರು ಬಳಸುವ ಮೆಕ್‌ಡೊನಾಲ್ಡ್ ಮಾನದಂಡದಲ್ಲೂ, 2017ರದ್ದಿರಲಿ 2024ರಲ್ಲಿ ತಿದ್ದಿದ್ದಿರಲಿ, ಡಿಟಿಐಗೆ ಜಾಗ ಕೊಟ್ಟಿಲ್ಲ. ನಮ್ಮಲ್ಲಿ ಇನ್ನೂ ಒಂದು ಮಾತಿದೆ. ಎಂಎಸ್ ನಮ್ಮ ಕಡೆ ಅಪರೂಪ, ಮಂಗಳೂರು ನಗರದಲ್ಲಿ ಮಾಡಿ 2014ರಲ್ಲಿ ಪ್ರಕಟಿಸಿದ ಎಣಿಕೆಯಲ್ಲಿ ಲಕ್ಷಕ್ಕೆ ಸುಮಾರು 8 ಜನ ಸಿಕ್ಕರು. ಹೀಗಿರುವಾಗ ಒಂದು ಸಾಮಾನ್ಯ ಸ್ಕ್ಯಾನ್ ಸೆಂಟರ್ ತನ್ನದೇ ಮಷೀನಿನಲ್ಲಿ ಸಾಕಷ್ಟು ಜನರನ್ನು ತೆಗೆದು ಹೋಲಿಕೆಗೆ ಇಟ್ಟುಕೊಂಡಿರುವುದು ಕಷ್ಟವೇ.

‘ಡಿಫ್ಯೂಷನ್‌ನಲ್ಲಿ ತೊಂದರೆ ಇಲ್ಲ’ ಎಂಬ ಸಾಲು ಬೇರೆ ಸ್ಕ್ಯಾನಿನದು. ಅದು ಡಿಡಬ್ಲ್ಯುಐ, ನೀರಿನ ಓಡಾಟಕ್ಕೆ ಎಲ್ಲಾದರೂ ತಡೆ ಬಿದ್ದಿದೆಯೇ ಎಂದು ನೋಡುವುದು. ಎರಡು ಮೂರು ನಿಮಿಷದ್ದು, ಮಿದುಳಿನ ಎಂಆರ್‌ಐ ಮಾಡಿದಾಗೆಲ್ಲ ಹೆಚ್ಚುಕಮ್ಮಿ ಮಾಡೇ ಮಾಡುತ್ತೇವೆ. ಸ್ಟ್ರೋಕ್, ಕೀವು ಇಂಥವನ್ನು ಹಿಡಿಯಲು ಅದು ಬಹಳ ಒಳ್ಳೆಯದು. ಎಂಎಸ್‌ನಲ್ಲೂ ಒಂದು ಕಡೆ ನಿಜವಾಗಿ ಕೆಲಸಕ್ಕೆ ಬರುತ್ತದೆ: ನಟಾಲಿಝುಮಾಬ್ ಎಂಬ ಇನ್ನೊಂದು ಎಂಎಸ್ ಔಷಧಿ ತೆಗೆದುಕೊಳ್ಳುವವರಿಗೆ ಜೆಸಿ ವೈರಸ್‌ನಿಂದ ಪಿಎಂಎಲ್ ಎಂಬ ಮಿದುಳಿನ ಸೋಂಕು ಬರುವ ಅಪಾಯ ಇದೆ, ಅಪಾಯ ಜಾಸ್ತಿ ಇರುವವರಿಗೆ ಮೂರು ನಾಲ್ಕು ತಿಂಗಳಿಗೊಮ್ಮೆ ಮಾಡುವ ಚಿಕ್ಕ ಎಂಆರ್‌ಐಯಲ್ಲಿ ಡಿಡಬ್ಲ್ಯುಐ ಇರಲೇಬೇಕು. ನಿಮ್ಮ ತಂಗಿಯ ಔಷಧಿಯಲ್ಲಿ ಆ ಅಪಾಯ ಬಹಳ ಕಮ್ಮಿ, ಅದೂ ಮುಖ್ಯವಾಗಿ ರಕ್ತದ ಲಿಂಫೋಸೈಟ್ ಎಂಬ ಬಿಳಿ ಕಣಗಳು ತುಂಬಾ ದಿನ ತೀರ ಕಮ್ಮಿ ಇದ್ದರೆ. ರಕ್ತ ಪರೀಕ್ಷೆ ತಪ್ಪಿಸಬೇಡಿ, ಈ ವಿಷಯದಲ್ಲಿ ಅದು ಡಿಟಿಐಗಿಂತ ಮುಖ್ಯ.

ಈಗ ಏನು ಮಾಡಬಹುದು ಎಂದು ನೋಡೋಣ. ಈ ನಂಬರಿನ ಮೇಲೆ ಔಷಧಿ ಬದಲಿಸುವುದು ಅಥವಾ ನಿಲ್ಲಿಸುವುದು, ಇದೊಂದು ಬೇಡವೇ ಬೇಡ. ಎರಡು ವರ್ಷ ಅಟ್ಯಾಕ್ ಇಲ್ಲದೆ ಹೊಸ ಕಲೆ ಇಲ್ಲದೆ ಇಟ್ಟಿರುವ ಔಷಧಿಯನ್ನು ಎರಡು ತಕ್ಕಡಿಯ ವ್ಯತ್ಯಾಸಕ್ಕೆ ಬಿಡುವುದು ನಿಜವಾದ ಅಪಾಯ. ಆರು ತಿಂಗಳಿಗೊಮ್ಮೆ ಡಿಟಿಐ ಮಾಡಿಸುವುದರಲ್ಲಿ ದೇಹಕ್ಕೇನೂ ತೊಂದರೆ ಇಲ್ಲ, ಎಕ್ಸ್‌ರೇ ಥರ ವಿಕಿರಣ ಇಲ್ಲ, ಡಿಟಿಐಗೆಂದು ಇಂಜೆಕ್ಷನ್ನೂ ಬೇಕಿಲ್ಲ. ಖರ್ಚಾಗುವುದು ದುಡ್ಡು ಮತ್ತು ನಿದ್ದೆ. ನಂಬರು ಇಳಿದರೂ ಏರಿದರೂ ಚಿಕಿತ್ಸೆ ಬದಲಾಗುವುದಿಲ್ಲ ಎಂದ ಮೇಲೆ ನಾನಾದರೆ ಮಾಡಿಸುವುದಿಲ್ಲ. ಮಾಮೂಲಿ ಎಂಆರ್‌ಐಯನ್ನು ವರ್ಷಕ್ಕೊಮ್ಮೆ ಅದೇ ಸೆಂಟರಿನಲ್ಲಿ, ಅದೇ ಮಷೀನಿನಲ್ಲಿ ಮಾಡಿಸಿ, ಹಳೆಯ ಸಿಡಿ ಜೊತೆಗೆ ಕೊಡಿ. ಹುಬ್ಬಳ್ಳಿಯೋ ಬೆಂಗಳೂರೋ, ಒಂದನ್ನು ಹಿಡಿದುಕೊಳ್ಳಿ. ಇನ್ನು ಯಾವುದಾದರೂ ಸಂಸ್ಥೆಯಲ್ಲಿ ಡಿಟಿಐ ಸಂಶೋಧನೆ ನಡೆಯುತ್ತಿದ್ದು ತಂಗಿಗೆ ಮನಸ್ಸಿದ್ದರೆ ಸೇರಲಿ, ಈ ವಿದ್ಯೆ ಬೆಳೆಯುವುದು ಅಂಥವರಿಂದಲೇ. ಆದರೆ ಅಲ್ಲಿ ನೈತಿಕ ಸಮಿತಿಯ ಒಪ್ಪಿಗೆ ಪತ್ರ ಇರಬೇಕು, ಮತ್ತು ಸಂಶೋಧನೆಗೆಂದೇ ಮಾಡುವ ಸ್ಕ್ಯಾನಿಗೆ ನಿಮ್ಮಿಂದ ದುಡ್ಡು ಕೇಳಬಾರದು. ಕೇಳಿದರೆ ಎದ್ದು ಬನ್ನಿ.

ನಿಜ ಹೇಳಬೇಕೆಂದರೆ ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು 0.69 ಅಲ್ಲ, ಸಂಜೆ ಎಳೆಯುವ ಬಲಗಾಲು. ಮೂರು ವರ್ಷದಲ್ಲಿ ಮಿದುಳನ್ನು ಐದು ಸಲ ಸ್ಕ್ಯಾನ್ ಮಾಡಿಸಿದ್ದೀರಿ, ಬೆನ್ನುಹುರಿಯನ್ನು ಮೊದಲ ವರ್ಷ ಒಂದೇ ಸಲ. ಕಾಲಿನ ತೊಂದರೆಗೆ ಎಷ್ಟೋ ಸಲ ಕಾರಣ ಬೆನ್ನುಹುರಿಯ ಕಲೆ, ಅದು ಮಿದುಳಿನ ಎಂಆರ್‌ಐಯಲ್ಲಿ ಕಾಣುವುದೇ ಇಲ್ಲ. ಡಿಟಿಐಗೆ ಎತ್ತಿಟ್ಟ ದುಡ್ಡಿನಲ್ಲಿ ಕತ್ತು ಮತ್ತು ಬೆನ್ನಿನ ಹುರಿಯ ಎಂಆರ್‌ಐ ಮಾಡಿಸಬೇಕೇ ಎಂದು ನಿಮ್ಮ ನ್ಯೂರಾಲಜಿಸ್ಟ್ ಹತ್ತಿರ ಕೇಳಿ. ಅಕ್ವಾಪೊರಿನ್-4 ಮತ್ತು ಎಂಒಜಿ (MOG) ಆಂಟಿಬಾಡಿ ರಕ್ತ ಪರೀಕ್ಷೆ ಆಗಿದೆಯೇ ಎಂದೂ ಹಳೆಯ ಫೈಲಿನಲ್ಲಿ ಹುಡುಕಿ. ಕಣ್ಣು ಮತ್ತು ಬೆನ್ನುಹುರಿಗೆ ಹೊಡೆಯುವ ಬೇರೆ ರೋಗಗಳೂ ಇವೆ, ಎಂಎಸ್‌ನ ಕೆಲವು ಔಷಧಿಗಳು ಅವುಗಳಲ್ಲಿ ಉಲ್ಟಾ ಕೆಲಸ ಮಾಡುತ್ತವೆ. ಬಹುಶಃ ಮಾಡಿಯೇ ಇರುತ್ತಾರೆ, ಆದರೂ ನೋಡಿ.

ಇನ್ನೊಂದು, ನಿಮ್ಮ ಕಡೆಯ ಬಿಸಿಲು. ಮೈಲಿನ್ ಸವೆದ ನರದಲ್ಲಿ ಮೈ ಬಿಸಿಯಾದರೆ ಸಂದೇಶ ಸರಿಯಾಗಿ ಹೋಗುವುದಿಲ್ಲ. ಜರ್ಮನಿಯ ಕಣ್ಣಿನ ವೈದ್ಯ ಉಟ್‌ಹಾಫ್ 1890ರಲ್ಲೇ ಇದನ್ನು ಬರೆದಿಟ್ಟಿದ್ದಾರೆ, ವ್ಯಾಯಾಮ ಮಾಡಿದಾಗ ರೋಗಿಗಳ ಕಣ್ಣು ಮಂಜಾಗುತ್ತಿತ್ತು. ಮಧ್ಯಾಹ್ನದ ಸುಸ್ತು, ನಡೆದ ಮೇಲೆ ಎಳೆಯುವ ಕಾಲು, ತಣ್ಣಗಾದ ಮೇಲೆ ಸರಿಹೋಗುತ್ತದೆಯೇ ಗಮನಿಸಿ. ಹೋಗುತ್ತದೆ ಅಂದರೆ ಅದು ಹಳೆಯ ಗಾಯದ ನೆರಳು, ಹೊಸ ಹಾನಿ ಅಲ್ಲ. ತಣ್ಣೀರಿನ ಬಟ್ಟೆ, ಕೂಲರ್, ಬೆಳಿಗ್ಗೆ ಬೇಗ ಕೆಲಸ ಮುಗಿಸುವುದು, ಇವುಗಳಿಂದಲೇ ಎಷ್ಟೋ ಜನರ ದಿನ ಸುಧಾರಿಸಿದ್ದು ನೋಡಿದ್ದೇನೆ. ಸುಸ್ತಿಗೆ ಬಿ12, ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿ, ನಿದ್ದೆ ಹೇಗಿದೆ, ಮನಸ್ಸು ಕುಗ್ಗಿದೆಯೇ ಕೇಳಿ. ಇವೆಲ್ಲ ಸರಿಪಡಿಸಬಹುದಾದವು. ಪದ ಮರೆಯುವುದಕ್ಕೆ ಎಸ್‌ಡಿಎಂಟಿ ಎಂಬ 90 ಸೆಕೆಂಡಿನ ಸಣ್ಣ ಪರೀಕ್ಷೆ ಇದೆ, ಚಿಹ್ನೆಗೆ ಅಂಕಿ ಹೊಂದಿಸುವುದು. ನಡಿಗೆಗೆ 25 ಅಡಿಯನ್ನು ಎಷ್ಟು ಸೆಕೆಂಡಿನಲ್ಲಿ ನಡೆಯುತ್ತಾಳೆ ಎಂಬ ಲೆಕ್ಕ. ಆರು ತಿಂಗಳಿಗೊಮ್ಮೆ ಏನಾದರೂ ಅಳೆಯಲೇಬೇಕೆಂದರೆ ಇವನ್ನು ಅಳೆಸಿ.

ಸ್ಟೆಮ್ ಸೆಲ್ ಇಂಜೆಕ್ಷನ್ ಮಾರುವವರು ಮುಂಚೆ ಹೀಗಿತ್ತು, ಆಮೇಲೆ ಹೀಗಾಯಿತು ಎಂದು ಬಣ್ಣಬಣ್ಣದ ನರದ ಚಿತ್ರ ತೋರಿಸುತ್ತಾರೆ. ಆ ಚಿತ್ರ ನರದ ಫೋಟೋ ಅಲ್ಲ, ನೀರಿನ ಲೆಕ್ಕದಿಂದ ಕಂಪ್ಯೂಟರ್ ಎಳೆದ ಗೆರೆಗಳು. ಎಫ್‌ಎ ಎಷ್ಟಕ್ಕಿಂತ ಕೆಳಗೆ ಹೋದರೆ ಗೆರೆ ನಿಲ್ಲಿಸಬೇಕು ಎಂದು ನಾವೇ ಹೇಳಿಕೊಡಬೇಕು, ಸಾಮಾನ್ಯವಾಗಿ 0.2. ಅದನ್ನು 0.15 ಮಾಡಿದರೆ ಅದೇ ಸ್ಕ್ಯಾನಿನಲ್ಲಿ ನರ ಸೊಂಪಾಗಿ ಬೆಳೆದಂತೆ ಕಾಣುತ್ತದೆ, ನಾನು ನಿಮಗೆ ಒಂದೇ ನಿಮಿಷದಲ್ಲಿ ಮಾಡಿ ತೋರಿಸಬಲ್ಲೆ. ಎಂಎಸ್‌ನ ಕೆಲವು ಗಂಭೀರ ರೋಗಿಗಳಿಗೆ ದೊಡ್ಡ ಆಸ್ಪತ್ರೆಗಳಲ್ಲಿ ರಕ್ತದ ಕಾಂಡಕೋಶ (ಸ್ಟೆಮ್ ಸೆಲ್) ಕಸಿ ಮಾಡುವುದುಂಟು, ಅದರಲ್ಲಿ ಕೀಮೋ ಇದೆ, ಜೀವದ ಅಪಾಯವೂ ಇದೆ. ಒಂದು ಇಂಜೆಕ್ಷನ್ ಕೊಟ್ಟು ಸಂಜೆಗೆ ಮನೆಗೆ ಕಳಿಸುವ ವ್ಯವಹಾರಕ್ಕೂ ಅದಕ್ಕೂ ಸಂಬಂಧ ಇಲ್ಲ.

ಕೊನೆಗೆ, ತಂಗಿಗೆ ತೋರಿಸಬೇಕೇ ಎಂದು. ತೋರಿಸಿ. ಬೆಂಗಳೂರಿನವರೆಗೆ ಹೋಗಿ ಮಷೀನಿನೊಳಗೆ ಮಲಗಿ ಬಂದವಳು ಅವಳು, ರಿಪೋರ್ಟ್ ಬಂದಿದೆ ಎಂದು ಅವಳಿಗೆ ಗೊತ್ತಿಲ್ಲದೆ ಇರುತ್ತದೆಯೇ? ನೀವು ಹೇಳದೆ ಇದ್ದಷ್ಟು ದಿನ ಅವಳು 0.69ಕ್ಕಿಂತ ಕೆಟ್ಟದ್ದನ್ನೇ ಊಹಿಸಿಕೊಂಡಿರುತ್ತಾಳೆ. ಎರಡೂ ಹಾಳೆ ಪಕ್ಕಪಕ್ಕ ಇಟ್ಟು 1.5 ಮತ್ತು 3 ಎಂದು ಬರೆದಿರುವ ಜಾಗ ತೋರಿಸಿ, ಕೆಂಪು ಪಟ್ಟಿ ಏನೆಂದು ಹೇಳಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಬೆನ್ನುಹುರಿಯ ವಿಷಯ ಅವಳೇ ಕೇಳಲಿ.